ಐದು ಲಕ್ಷ ಹತ್ತು ಸಾವಿರದ ಐನೂರ ಹನ್ನೊಂದು

ಸೀದ ಹಾಲಿನ ವಾಸನೆ ಮೊನ್ನೆ ಸುರಪುರದ ನಮ್ಮ ಮನೆಯ ಪಡಸಾಲೆಯವರೆಗೂ ಬಂದಿತ್ತು. “ಅತ್ತಿ, ಹಾಲು ಒಲಿ ಮ್ಯಾಲಿಟ್ಟು ಮರತ್ರೇನ್ರಿ?” ಎಂದಳು ಸೊಸೆ. ಬೈದದ್ದೇನೂ ಅಲ್ಲ. ಆದರೆ ಹಾಲಿಟ್ಟವಳು ನಾನೇ ಎಂಬುದೂ ನೆನಪಾಗಲಿಲ್ಲ ನೋಡಿ, ಅಲ್ಲಿ ಹೆದರಿದೆ.

ಕಾರಣ ನಮ್ಮವ್ವ. ಕೊನೆಕೊನೆಗೆ ಶಹಾಪುರದ ಮನೆಗೆ ನಾನು ಹೋದರೆ ಬಾಗಿಲಲ್ಲಿ ನಿಂತು, “ಬರ್ರಿ, ಕುಂದರ್ರಿ. ಯಾರ ಮನಿಯವರು ನೀವು?” ಎನ್ನುತ್ತಿದ್ದಳು. ಜೀವಮಾನವಿಡೀ ನನ್ನನ್ನು ‘ಲೇ’ ಎಂದೇ ಕರೆದವಳು! ಆ ಮರ್ಯಾದೆಗಿಂತ ಎರಡೇಟು ಬಿದ್ದಿದ್ದರೂ ಚೆನ್ನಾಗಿತ್ತು.

ಅಂದಿನಿಂದ ನನ್ನದೊಂದು ಪ್ರೈವೇಟ್ ಟೆಸ್ಟ್ ಇದೆ. ನನ್ನ ವಯಸ್ಸಿನವರು ಜಪಮಾಲೆ ಹಿಡಿಯುತ್ತಾರೆ, ನಾನು ಭಾಗಾಕಾರ ಹಿಡಿಯುತ್ತೇನೆ. ನಗಬೇಡಿ. ಕಾನ್ವೆಂಟಿನಲ್ಲಿ ನಮಗೆ ಗಣಿತ ಕಲಿಸುತ್ತಿದ್ದ ಸಿಸ್ಟರ್ ಒಂದು ದಿನ ಬೋರ್ಡಿನ ಮೇಲೆ ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು ಎಂದು ಪ್ರೈಮ್ ನಂಬರುಗಳನ್ನು ಬರೆದು ಎಲ್ಲವನ್ನೂ ಗುಣಿಸಿದರು. ಐದು ಲಕ್ಷ ಹತ್ತು ಸಾವಿರದ ಐನೂರ ಹತ್ತು ಬಂತು. ಅದಕ್ಕೊಂದು ಕೂಡಿಸಿ, “ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ರಿಮೇಂಡರ್ ಒಂದೇ” ಎಂದರು. ನನಗೂ ಹತ್ತಿಕುಣಿಯ ಕಮಲಾಗೂ ಅಷ್ಟೇ ಸಾಕಾಯಿತು: ಯಾರೂ ಒಡೆಯಲಾರದ ಸಂಖ್ಯೆ! ಹಾಸ್ಟೆಲಿನ ಬಚ್ಚಲಿಗೆ ಹೋಗುವ ಕತ್ತಲ ಕಾರಿಡಾರಿನಲ್ಲಿ ಕೈ ಕೈ ಹಿಡಿದು, ಪ್ರೇಯರ್ ಬಿಟ್ಟು, ಇದನ್ನೇ ಪಠಿಸುತ್ತಿದ್ದೆವು.

ಮೊನ್ನೆಯೂ ಕಣ್ಣು ಮುಚ್ಚಿ ಕೂತೆ. ಎರಡರಿಂದ ಹದಿನೇಳರವರೆಗಿನ ಆ ಏಳೂ ಪ್ರೈಮುಗಳಿಂದ ಭಾಗಿಸಿದೆ, ಪ್ರತಿ ಸಲ ಒಂದು ಉಳಿಯಿತು. ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸುತ್ತೇನೆ. ಎದೆಬಡಿತ ಇಳಿಯಲಿಲ್ಲವಾದ್ದರಿಂದ ಹತ್ತೊಂಬತ್ತಕ್ಕೆ ಹೋದೆ. ಏನೂ ಉಳಿಯಲಿಲ್ಲ. ಮತ್ತೆ ಮಾಡಿದೆ, ಸೊನ್ನೆ. ಒಡೆಯದ ಸಂಖ್ಯೆ ನನ್ನ ತಲೆಯೊಳಗೆ ಒಡೆಯುತ್ತಿದೆ ಎಂದರೆ, ಕೆಟ್ಟಿರುವುದು ತಲೆಯೇ ತಾನೆ?

ಯಾದಗಿರಿಯಲ್ಲಿರುವ ಕಮಲಾಗೆ ಫೋನ್ ಹಚ್ಚಿದೆ. “ನಮ್ಮ ನಂಬರಿಗೆ ಹತ್ತೊಂಬತ್ತು ಹೋಗ್ತದೇನಲೇ?”

“ಅಯ್ಯ ಹುಚ್ಚಿ! ಆರಾಮ ಅದಿಯೇನು ಅಂತಿಲ್ಲ, ಉಂಡಿಯೇನು ಅಂತಿಲ್ಲ, ನೇರ ಲೆಕ್ಕಕ್ಕ ಬಂದ್ಯಾ?”

“ಮೊದ್ಲು ಮಾಡಿ ನೋಡು. ಕೈ ಮುಗೀತೀನಿ.”

ಅವಳು ಮೊಬೈಲಿನ ಕ್ಯಾಲ್ಕುಲೇಟರ್ ಹುಡುಕಿ ಒತ್ತತೊಡಗಿದಳು.

“ಇಪ್ಪತ್ತಾರು ಸಾವಿರದ ಎಂಟುನೂರ ಅರವತ್ತೊಂಬತ್ತು. ಹೌದಲೇ, ಪೂರಾ ಹೋಗ್ತದ!” ಎಂದವಳೇ ನಗತೊಡಗಿದಳು. “ಸಿಸ್ಟರ್ ಅವತ್ತು ‘ಬಟ್ ಗರ್ಲ್ಸ್’ ಅನ್ನಾಕತ್ತಿದ್ರು, ಅಷ್ಟರಾಗ ಊಟದ ಗಂಟಿ ಹೊಡೀತು. ಮೊದ್ಲು ಓಡಿದಾಕಿ ನೀನ!”

ಏಳು ಮಂದಿಗೆ ಬಾಗಿಲು ಮುಚ್ಚಿದೆ ಎಂದ ಮಾತ್ರಕ್ಕೆ ಎಂಟನೆಯವನು ಬರಲಾರ ಎಂದಲ್ಲ. ಸಿಸ್ಟರ್ ಹೇಳಹೊರಟಿದ್ದು ಅದೇ ಇರಬೇಕು. ನನ್ನ ತಲೆ ಸರಿಯಾಗಿತ್ತು, ನಂಬಿದ್ದೇ ತಪ್ಪಾಗಿತ್ತು. ಥ್ಯಾಂಕ್ ಗಾಡ್ ಎಂದುಕೊಂಡೆ. ಮರುಗಳಿಗೆಯೇ, ಭಾಗಾಕಾರ ಬಂದವಳಿಗೆ ಮಕ್ಕಳ ಮುಖ ಮರೆಯುವುದಿಲ್ಲವೆಂದು ನನಗೆ ಹೇಳಿದವರು ಯಾರು ಎನ್ನಿಸಿತು.

“ಕಮಲಾ, ನಂಗೂ ಅವ್ವನಂಗ ಆಗಾಕತ್ತದೇನೋ ಅಂತ ಹೆದರಿಕಿ ಆಗ್ಯದ.” ಯಾರಿಗೂ ಹೇಳಿರದ ಮಾತು ಬಾಯಿಂದ ಬಿದ್ದೇಬಿಟ್ಟಿತು.

ಅವಳ ನಗು ನಿಂತಿತು. ಸಣ್ಣ ದನಿಯಲ್ಲಿ, “ನಾನೂ ದಿನಾ ಹದಿನೇಳರ ತನಕ ಮಾಡಿ ನೋಡ್ತೀನಲೇ” ಎಂದಳು.

ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳೆ. ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಹೋಗುವುದೆಂದಾಗಿದೆ. ಯಾರು ಯಾರನ್ನು ಕರೆದೊಯ್ಯುತ್ತಿದ್ದೇವೆ ಎಂದು ಮಾತ್ರ ಅವಳೂ ಕೇಳಿಲ್ಲ, ನಾನೂ ಕೇಳಿಲ್ಲ.