ಹಾವುಬಾಲದ ಪ್ರಾಣಿಯೂ ಜರಡಿ ಅಕ್ಕನೂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರಣ್ಯ ಇಲಾಖೆಯ ಕಚೇರಿಯ ಹಿತ್ತಲಿನ ನಲ್ಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತ ಹೆಂಗಸೊಬ್ಬರು ಜರಡಿ ಆಡಿಸುತ್ತಿದ್ದಾರೆ. ದೂರದಿಂದ ನೋಡಿದರೆ ಯಾರೋ ಕಾಳು ತೊಳೆಯುತ್ತಿದ್ದಾರೆ ಅನ್ನಿಸಬೇಕು. ಹತ್ತಿರ ಹೋದರೆ ಮೂಗು ಬೇರೆಯೇ ಹೇಳುತ್ತದೆ. ಜರಡಿಯಲ್ಲಿರುವುದು ಕಾಡುಪ್ರಾಣಿಯ ಹಿಕ್ಕೆ. ಹೊಲಸೆಲ್ಲ ನೀರಿನ ಜೊತೆ ಹೋದ ಮೇಲೆ ಉಳಿಯುವ ಕೂದಲು, ಮೂಳೆಚೂರು, ಹಲ್ಲು, ಬೀಜಗಳನ್ನು ಅವರು ಚಿಮಟದಿಂದ ಹೆಕ್ಕಿ ಹಳೇ ಪತ್ರಿಕೆಯ ಮೇಲೆ ಒಣಹಾಕುತ್ತಾರೆ. ಆ ಪತ್ರಿಕೆಗಳಲ್ಲಿ ನಮ್ಮ ಈ ಪುರವಣಿಯೂ ಒಂದು ಎಂದು ವಿನಯದಿಂದ ಒಪ್ಪಿಕೊಳ್ಳಬೇಕಾಗಿದೆ.

"ಸ್ವಲ್ಪ ದೂರ ನಿಂತ್ಕೊಳ್ಳಿ, ಬಿಳಿ ಅಂಗಿ ಬೇರೆ ಹಾಕ್ಕೊಂಡು ಬಂದಿದೀರಿ," ಎಂದು ನಗುತ್ತಾರೆ.

ಕಚೇರಿಗೆಲ್ಲ ಇವರು ಜರಡಿ ಅಕ್ಕ. ಕಾವಲುಗಾರರು ಕಾಡಿನಿಂದ ತರುವ ಪೊಟ್ಟಣಗಳನ್ನು ತೊಳೆದು, ಒಣಗಿದ ಕೂದಲನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಯಾವ ಪ್ರಾಣಿ ಏನು ತಿಂದಿದೆ ಎಂದು ಹೇಳುವುದು ಇವರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಪೊಟ್ಟಣಗಳಾದರೂ ಬರುತ್ತವೆ. ಗಂಡ ವರ್ಕ್‌ಶಾಪಿನಲ್ಲಿ ಕಾಲು ಮುರಿದುಕೊಂಡು ಮೂಲೆ ಹಿಡಿದಾಗ ಇಲ್ಲಿ ಕಸ ಗುಡಿಸಲು ಬಂದವರು. ಈ ಕೆಲಸಕ್ಕೆ ಬಂದವರೆಲ್ಲ ಮೂಗು ಮುಚ್ಚಿಕೊಂಡು ಓಡಿಹೋಗಿದ್ದರಿಂದ ಜರಡಿ ಇವರ ಕೈಗೆ ಬಂತು. ಕೂದಲಿನ ಪಾಠ ಹೇಳಿಕೊಟ್ಟದ್ದು ಇಲಾಖೆಯ ಪಶುವೈದ್ಯೆ. ಮನೆಯಲ್ಲಿ ಅತ್ತೆಗೆ ಮಾತ್ರ ಇಂದಿಗೂ ಸಂಕಟವೇ. "ಸೊಸೆ ಸರ್ಕಾರಿ ಆಫೀಸಲ್ಲಿದಾಳೆ ಅಂತೀನಿ. ಏನು ಕೆಲಸ ಅಂತ ಕೇಳಿದ್ರೆ ನಂಗೆ ಕಿವಿ ಕೇಳ್ಸಲ್ಲ," ಎನ್ನುತ್ತಾರೆ ಆ ಹಿರಿಯರು.

ಈಚೆಗೆ ಊರಾಚೆಯ ಕಲ್ಲುಕ್ವಾರಿಯ ಬಳಿ ವಿಚಿತ್ರ ಪ್ರಾಣಿಯೊಂದು ಕಾಣಿಸಿಕೊಂಡಿತು. ಅಲ್ಲೊಂದು ಇಲ್ಲೊಂದು ಕೂದಲಿನ ಜೂಲು ಬಿಟ್ಟರೆ ಮೈಯೆಲ್ಲ ಬೂದಿಬಣ್ಣದ ಸುಕ್ಕು ಚರ್ಮ, ಕಡ್ಡಿಯಂಥ ಕಾಲು, ಹಾವಿನಂಥ ಬಾಲ. ಲಾರಿ ಡ್ರೈವರೊಬ್ಬ ತೆಗೆದ ಮಸುಕು ಫೋಟೋ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಒಬ್ಬರು ಸರ್ಕಸ್ಸಿನಿಂದ ತಪ್ಪಿಸಿಕೊಂಡದ್ದು ಎಂದರು, ಇನ್ನೊಬ್ಬರು ಲ್ಯಾಬಿನಲ್ಲಿ ಹುಟ್ಟಿಸಿದ್ದು ಎಂದರು. ಅದು ಎದ್ದುಹೋದ ಜಾಗದಲ್ಲಿ ಬಿದ್ದಿದ್ದ ಹಿಕ್ಕೆಯನ್ನು ಕಾವಲುಗಾರ ಅಕ್ಕನ ಮುಂದೆ ತಂದಿಟ್ಟ. ತೊಳೆದರೆ ಹಿಡಿ ತುಂಬ ನರಿಯ ಕೂದಲು.

"ನರಿ ತಿಂದಿದೆ ಸಾರ್ ಅಂದ್ಬಿಟ್ಟೆ," ಎಂದು ಅಕ್ಕ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. "ಸಾಹೇಬ್ರು ನಿಂತಿದ್ರು, ಊರವರು ಗೇಟ್ ಹತ್ರ ನಿಂತಿದ್ರು. ನಾನೂ ದೊಡ್ಡ ಜಾಣೆ ಥರ ಹೇಳ್ಬಿಟ್ಟೆ."

ಆ ಮಾತಿಗೆ ಸಂಜೆಯೊಳಗೆ ಉಪ್ಪುಖಾರ ಹತ್ತಿತು. ನರಿಯನ್ನೇ ಮುಕ್ಕುವ ಪ್ರಾಣಿಗೆ ಮಕ್ಕಳು ಯಾವ ಲೆಕ್ಕ? ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಗಂಡಸರು ಕೋವಿಗಳಿಗೆ ಎಣ್ಣೆ ಹಾಕಿ, ಭಾನುವಾರ ಕ್ವಾರಿಯನ್ನು ಸುತ್ತುವರಿದು ಹೊಡೆದೇಬಿಡುವುದು ಎಂದು ತೀರ್ಮಾನಿಸಿದರು.

ಅಕ್ಕನಿಗೆ ಮಾತ್ರ ಏನೋ ಕೊರೆಯುತ್ತಿತ್ತು. ಕೂದಲು ಅಷ್ಟೊಂದಿದೆ, ಸರಿ. ಹಲ್ಲೆಲ್ಲಿ? ನರಿಯನ್ನು ತಿಂದಿದ್ದರೆ ಒಂದು ಉಗುರಾದರೂ ಸಿಗಬೇಕಿತ್ತು. ಕಾವಲುಗಾರನ ಬೆನ್ನು ಬಿದ್ದು ಕ್ವಾರಿಯಿಂದ ಇನ್ನಷ್ಟು ಹಿಕ್ಕೆ ತರಿಸಿ, ಎಲ್ಲವನ್ನೂ ಹೊಸ ಜರಡಿಯಲ್ಲಿ ತೊಳೆದರು. ಇಲಿಯ ಮೂಳೆಗಳಿದ್ದವು, ಜೀರುಂಡೆಯ ರೆಕ್ಕೆಗಳಿದ್ದವು. ನರಿಯದ್ದು ಕೂದಲು ಬಿಟ್ಟರೆ ಒಂದು ಚೂರೂ ಇರಲಿಲ್ಲ. ಆಗ ಅಕ್ಕನಿಗೆ ತಮ್ಮ ತಪ್ಪು ಹೊಳೆಯಿತು. ಓಡಿಹೋಗಿ ಪಶುವೈದ್ಯೆಗೆ ತೋರಿಸಿದರು. ಅವರೂ ನೋಡಿ ಹೌದೆಂದರು.

ಭಾನುವಾರ ಬೆಳಿಗ್ಗೆ ಕ್ವಾರಿಯ ಬಾಯಲ್ಲಿ ಕೋವಿ ಹಿಡಿದು ನಿಂತವರ ಮುಂದೆ ಅಕ್ಕ ಹೋಗಿ ನಿಂತರು. ಜೊತೆಗೆ ಸಾಹೇಬರೂ ವೈದ್ಯೆಯೂ ಇದ್ದರು, ಆದರೆ ಮಾತು ಇವರೇ ಆಡಬೇಕಿತ್ತು.

"ಅವತ್ತು ನಾನು ಹೇಳಿದ್ದು ತಪ್ಪು. ಅದು ನರೀನ ತಿಂದಿಲ್ಲ. ಅದೇ ನರಿ. ಮೈಗೆಲ್ಲ ಕಜ್ಜಿ ಹತ್ತಿದೆ. ಉರಿ ತಡೀಲಾರ್ದೆ ತನ್ನ ಮೈನೇ ನೆಕ್ಕಿ, ಕಚ್ಚಿ, ಕೂದಲು ನುಂಗ್ತಾ ಇದೆ."

"ಮೊನ್ನೆ ಒಂದು ಹೇಳ್ತೀಯ, ಇವತ್ತು ಒಂದು ಹೇಳ್ತೀಯ. ಯಾವುದಮ್ಮ ನಂಬೋದು?" ಎಂದು ಮುಂದೆ ನಿಂತವನೊಬ್ಬ ರೇಗಿದ.

"ಇವತ್ತಿಂದು ನಂಬಣ್ಣ. ಮೊನ್ನೆ ಅವಸರ ಬಿದ್ದು ಹೇಳ್ದೆ. ಬೈಯೋದಾದ್ರೆ ನನ್ನ ಬೈರಿ, ಅದನ್ನ ಹೊಡೀಬೇಡಿ."

ಅವರು ನಂಬಿದರೆಂದು ಹೇಳಲಾಗದು. ಒಂದು ಸಲ ಬೋನಿಟ್ಟು ನೋಡಲಿ ಎಂದು ಗೊಣಗುತ್ತ ಒಪ್ಪಿದರು. ಮಾರನೆಯ ಬೆಳಿಗ್ಗೆ ಬೋನಿನಲ್ಲಿ ಬಿದ್ದಿದ್ದದ್ದು ಮೊಣಕಾಲೆತ್ತರದ ಬಡಕಲು ನರಿ. ನಿಂತಲ್ಲೇ ನಡುಗುತ್ತಿತ್ತು, ನಡುಗುತ್ತಲೇ ಮೈ ಕೆರೆದುಕೊಳ್ಳುತ್ತಿತ್ತು. ರೇಗಿದ್ದವನೇ ಮೊದಲು "ಅಯ್ಯೋ ಪಾಪ" ಎಂದನಂತೆ.

ನರಿಗೆ ವೈದ್ಯೆಯ ಆರೈಕೆ ಶುರುವಾಯಿತು. ಹತ್ತಿರ ಹೋದರೆ ಬೆದರಿ ಬೋನಿಗೆ ತಲೆ ಚಚ್ಚಿಕೊಳ್ಳುತ್ತಿತ್ತು, ಹಾಗಾಗಿ ಗುಣ ಕಾಣುತ್ತಿದೆಯೇ ಎಂದು ತಿಳಿಯಲು ಅವರು ಅದರ ಹಿಕ್ಕೆಯನ್ನು ದಿನವೂ ಅಕ್ಕನಿಗೆ ಕಳಿಸಿದರು. ಮೊದಮೊದಲು ಅರ್ಧಕ್ಕರ್ಧ ಅದರದೇ ಕೂದಲು. ಬರಬರುತ್ತ ಕಡಿಮೆಯಾಯಿತು. ಕಳೆದ ವಾರ ತೊಳೆದದ್ದರಲ್ಲಿ ಬೋನಿಗೆ ಹಾಕಿದ ಕೋಳಿಯ ಪುಕ್ಕ ಬಿಟ್ಟರೆ ಏನೂ ಇರಲಿಲ್ಲ. ಅಕ್ಕ ಕೈ ಒರೆಸಿಕೊಂಡು ವೈದ್ಯೆಗೆ ಫೋನ್ ಮಾಡಿದರು: "ಡಾಕ್ಟ್ರಮ್ಮ, ಕೆರ್ಕೊಳ್ಳೋದು ನಿಂತಿದೆ. ಇನ್ನು ಬಾಗಿಲು ತೆಗೀಬಹುದು."

ಬಿಡುವ ದಿನ ಅಕ್ಕನೂ ಕ್ವಾರಿಗೆ ಹೋಗಿದ್ದರು. ನರಿಯ ಮೈಮೇಲೆ ಆಗಲೇ ಕಂದು ಕೂದಲು ಮೂಡಿತ್ತು. ಬೋನಿನ ಬಾಗಿಲೆತ್ತಿದರೂ ಅದು ತುಸು ಹೊತ್ತು ಅಲ್ಲೇ ನಿಂತಿತ್ತು, ಆಮೇಲೆ ಪೊದೆಗಳ ಕಡೆ ಒಂದೇ ಓಟ.

"ನನ್ನ ಒಂದು ಮಾತಿಂದ ಸಾಯ್ಬೇಕಿತ್ತು ಅದು," ಎನ್ನುತ್ತಾರೆ ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. "ಹಾಗೆ ಓಡ್ಹೋಗಿದ್ದು ನೋಡಿದೆ ನೋಡಿ, ಅವತ್ತು ನಂಗೆ ಹೊಟ್ಟೆ ತುಂಬ ಊಟ ಸೇರ್ತು."