ಬಾಣಂತಿ ಕೋಣೆಯ ಜೇಡ

ಆ ಹುಳುವಿಗೆ ಸೊಂಟವಿತ್ತೋ ಇರಲಿಲ್ಲವೋ ನನಗೆ ನೆನಪಿಲ್ಲ. ಕಣ್ಣು ಮುಚ್ಚಿದರೆ ಸುಣ್ಣ ಬಳಿದ ಗೋಡೆ ಕಾಣುತ್ತದೆ, ತೊಟ್ಟಿಲ ಹಗ್ಗ ಕಾಣುತ್ತದೆ, ಹಗ್ಗಕ್ಕಿಂತ ಗೇಣು ಮೇಲೆ ಎಂಟು ಉದ್ದ ಕಾಲುಗಳೂ ಕಾಣುತ್ತವೆ. ಕಾಲುಗಳ ನಡುವಿನ ಮೈ ಮಾತ್ರ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ಅಷ್ಟು ಸಣ್ಣ ವಿಷಯದ ಮೇಲೆ ಒಬ್ಬ ಹೆಂಗಸಿನ ಅನ್ನ ನಿಂತಿತ್ತು.

ಬೆಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಬೇಸಗೆ ರಜಕ್ಕೆ ಮಧುಗಿರಿಗೆ ಬಂದಾಗ ಅಕ್ಕ ಹೆರಿಗೆಯಾಗಿ ನಮ್ಮ ಮನೆಯಲ್ಲೇ ಇದ್ದಳು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಕೆಳಗಿನ ಕೇರಿಯಿಂದ ಒಬ್ಬಾಕೆ ಬರುತ್ತಿದ್ದಳು. ಊರಿಗೆಲ್ಲ ಆಕೆ ನೀರು ಹಾಕೋ ಅಜ್ಜಿ. ಬಾಣಂತಿ ಕೋಣೆ ಗುಡಿಸುವುದು, ಬಲೆ ತೆಗೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು ಎಲ್ಲ ಆಕೆಯದೇ. ನಮ್ಮ ಬೀದಿಯ ಮಕ್ಕಳಲ್ಲಿ ಆಕೆಯ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಳ್ಳದವರೇ ಕಡಿಮೆ. ನಾನೂ ಒಬ್ಬ.

ಕಾಲೇಜಿಗೆಂದು ನಾನು ಹುಳು ಹಿಡಿಯುತ್ತಿದ್ದೆ. ಕೋಟೆ ಬೆಟ್ಟದ ದೊಣೆಯ ಪಕ್ಕದಲ್ಲಿ, ನೀರಿನ ತಂಪು ತಗಲುವ ಬಂಡೆಯಡಿ, ಉದ್ದ ಕಾಲಿನ ಹುಳುಗಳು ಒಂದಕ್ಕೊಂದು ಹೆಣೆದುಕೊಂಡು ಕೂದಲ ಗಂಟಿನಂತೆ ಜೋತಿರುತ್ತಿದ್ದವು. ಊದಿದರೆ ಇಡೀ ಗಂಟು ಮೇಲೆ ಕೆಳಗೆ ಕುಣಿಯುತ್ತಿತ್ತು. ನೋಡಿದವರು ಜೇಡ ಎನ್ನುತ್ತಾರೆ. ಜೇಡವಲ್ಲ. ಜೇಡಕ್ಕೆ ಎದೆ ಬೇರೆ, ಹೊಟ್ಟೆ ಬೇರೆ, ನಡುವೆ ದಾರದಂಥ ಸೊಂಟ. ಇದಕ್ಕೆ ಸೊಂಟವೇ ಇಲ್ಲ, ಹುರುಳಿಕಾಳಿಗೆ ಎಂಟು ಕೂದಲು ನೆಟ್ಟಂತೆ. ಇದು ಬಲೆ ಕಟ್ಟುವುದಿಲ್ಲ, ಮುಟ್ಟಿದರೆ ಘಾಟು ನಾತ ಬಿಡುತ್ತದೆ. ಮನೆಯ ಮೂಲೆಯಲ್ಲಿರುವ ಉದ್ದ ಕಾಲಿನದು ನಿಜವಾದ ಜೇಡ. ಅದರ ಸಿಕ್ಕು ಬಲೆಯನ್ನು ಮುಟ್ಟಿದರೆ ಕಣ್ಣಿಗೆ ಕಾಣದಷ್ಟು ಜೋರಾಗಿ ಅದುರುತ್ತದೆ. ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹಿಡಿದು ಗೋಡೆಯ ಮೇಲೆ ಓಡುವ ದಪ್ಪನೆಯದೂ ಜೇಡವೇ, ಆದರೆ ಬಲೆ ಕಟ್ಟದು. ಅವ್ವನಿಗೆ ಇವೆಲ್ಲ ಒಂದೇ.

ಬೆಟ್ಟದಿಂದ ಮೂರು ತಂದೆ. ನಾಲ್ಕೂ ಇರಬಹುದು. ಸೀಸೆಗೆ ಹಾಕಿ, ಬಾಯಿಗೆ ಹಳೆ ಪಂಚೆಯ ತುಂಡು ಕಟ್ಟಿ, ಬಾಣಂತಿ ಕೋಣೆಯ ಹೊರಗಿನ ಗೋಡೆಗೂಡಿನಲ್ಲಿ ದೀಪದ ಹಿಂದೆ ಇಟ್ಟೆ. ಮಗುವಿರುವ ಮನೆಗೆ ಹುಳುಹುಪ್ಪಟೆ ತರಕೂಡದೆಂದು ಅವ್ವ ಮೊದಲೇ ಹೇಳಿದ್ದಳು.

ಮರುದಿನ ಮಗುವಿನ ಕತ್ತಿನ ಸುತ್ತ ನೀರುಗುಳ್ಳೆ ಎದ್ದಿತ್ತು. ತೊಟ್ಟಿಲ ಮೇಲಿನ ಗೋಡೆಯಲ್ಲಿ ಉದ್ದ ಕಾಲಿನ ಆ ಹುಳು ಕೂತಿತ್ತು.

"ಜ್ಯಾಡ ಉಚ್ಚೆ ಹುಯ್ದೈತೆ," ಎಂದಳು ಅವ್ವ. "ಏನಜ್ಜಿ, ಮೂಲೆ ಮೂಲೆ ಗುಡಿಸ್ದೆ ಅಂದ್ಯಲ್ಲ. ಇದೇನು ಆಕಾಸದಿಂದ ಉದುರ್ತಾ?"

"ಬೆಳಿಗ್ಗೆನೇ ಗುಡಿಸಿದೀನಿ ಕಣವ್ವ. ಇದು ಬಲೆ ಕಟ್ಟೋದಲ್ಲ, ಬೆಟ್ಟದ್ದು. ಮೂಸಿ ನೋಡು, ನಾತ ಬತ್ತೈತೆ."

"ಬೆಟ್ಟದ್ದು ನಮ್ಮನೆ ತೊಟ್ಲಿಗೆ ಯಾಕೆ ಬತ್ತೈತೆ? ನೆಂಟಸ್ತನಕ್ಕಾ?" ಅವ್ವ ನನ್ನ ಕಡೆ ತಿರುಗಿದಳು. "ಲೇ, ನೀನು ಓದಿದೋನಲ್ವಾ, ಯಾವುದು ಅಂತ ನೋಡಿ ಹೇಳ್ಲಾ."

ಅಜ್ಜಿಯೂ ನನ್ನನ್ನೇ ನೋಡಿದಳು. ಬಲೆ ಕಟ್ಟುವ ಜಾತಿಯಾದರೆ ಆಕೆ ಗುಡಿಸಿಲ್ಲ, ಸುಳ್ಳು ಹೇಳಿದ್ದಾಳೆ. ಬೆಟ್ಟದ್ದಾದರೆ ತಂದವನು ನಾನು. ಒಂದು ಹೆಜ್ಜೆ ಮುಂದಿಟ್ಟು ಬಗ್ಗಿದ್ದರೆ ಸೊಂಟ ಇದೆಯೋ ಇಲ್ಲವೋ ಕಾಣುತ್ತಿತ್ತು. ನಾನು ಬಗ್ಗಲಿಲ್ಲ. ನಿಂತಲ್ಲಿಂದಲೇ, ಇದು ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜಾತಿ, ತಿಂಗಳುಗಟ್ಟಲೆ ಗುಡಿಸದ ಕಡೆಯೇ ಬೆಳೆಯುವುದು ಎಂದು ಪಾಠ ಹೇಳಿದಂತೆ ಹೇಳಿದೆ. ಅವ್ವ ಪೊರಕೆಯಿಂದ ಬಡಿದಳು. ಉಳಿದದ್ದು ಮಿಡಿಯುತ್ತಿದ್ದ ಎರಡು ಕಾಲು. ಅಪಾಯ ಬಂದರೆ ಎರಡೂ ಜಾತಿಯವು ಕಾಲು ಕಳಚಿಕೊಳ್ಳುತ್ತವೆ.

ಆಮೇಲೆ ಯಾರೂ ಇಲ್ಲದಾಗ ಸೀಸೆ ನೋಡಿದೆ. ಒಳಗೆ ಮೂರಿದ್ದವು. ಬಟ್ಟೆ ಎಷ್ಟು ಬಿಗಿಯಾಗಿತ್ತೆಂದರೆ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಸದ್ಯ, ನನ್ನದಲ್ಲ ಎಂದುಕೊಂಡೆ.

ಅಜ್ಜಿಯನ್ನು ಅವತ್ತೇ ಕೆಲಸದಿಂದ ಬಿಡಿಸಿದರು. ಕೂಸಿನ ಕೋಣೆ ಗುಡಿಸದೆ ಸುಳ್ಳು ಹೇಳಿದಳೆಂಬ ಮಾತು ಬೀದಿಯಲ್ಲಿ ಹರಡಿತು. ಮೂರು ಮನೆಯಲ್ಲಿ ಬಸುರಿಯರಿದ್ದರು, ಯಾರೂ ಆಕೆಯನ್ನು ಕರೆಯಲಿಲ್ಲ. ಮುಂದಿನ ರಜಕ್ಕೆ ಬಂದಾಗ ಆಕೆ ಊರು ಬಿಟ್ಟು ಕೊಳಾಲದ ಕಡೆ ಮಗಳ ಮನೆ ಸೇರಿದ್ದಳು. ಅಷ್ಟರಲ್ಲಿ ನಾನು ಇನ್ನೊಂದನ್ನೂ ಕಲಿತಿದ್ದೆ: ಆ ಎರಡು ಹುಳುಗಳಲ್ಲಿ ಯಾವುದರಿಂದಲೂ ಮೈಮೇಲೆ ಗುಳ್ಳೆ ಏಳುವುದಿಲ್ಲ. ಕಿಟಕಿ ಮುಚ್ಚಿ, ಕೆಂಡ ಇಟ್ಟು, ಮಗುವಿಗೆ ಮೂರು ಬಟ್ಟೆ ಸುತ್ತಿದ್ದೆವು. ಅದು ಬೆವರುಗುಳ್ಳೆ. ಇದನ್ನು ಅವ್ವನಿಗೆ ಹೇಳಬಹುದಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಯುದ್ಧದ ಕಾಲಕ್ಕೆ ನನ್ನ ಹೆಂಡತಿ ಬಸುರಿಯಾದಳು. ನೀರು ಹಾಕುವವರು ಸಿಗುವುದಿಲ್ಲವೆಂದು ಅವ್ವ ಒದ್ದಾಡುತ್ತಿದ್ದಳು. ಅಜ್ಜಿಯನ್ನು ಕಾಣಲು ನನಗೆ ಒಂದು ನೆವ ಸಿಕ್ಕಿತು. ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಕೊರಟಗೆರೆಗೆ ಹೋಗಿ, ಅಲ್ಲಿಂದ ಯಾರದೋ ಗಾಡಿ ಹತ್ತಿ ಹಳ್ಳಿ ಮುಟ್ಟಿದೆ. ಅಜ್ಜಿ ಬಾವಿಯಿಂದ ನೀರು ಸೇದಿ, ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸುತ್ತಿದ್ದಳು.

"ಗುರುತು ಸಿಕ್ತಾ ಅಜ್ಜಿ?"

"ಸೀಸೆಯೋನಲ್ವೇನಪ್ಪ?"

ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದನ್ನೇ ಹೇಳಿದೆ. "ಅವತ್ತು ಅದು ಬಲೆ ಕಟ್ಟೋ ಜಾತಿ, ಗುಡಿಸದ ಕಡೆ ಬೆಳೆಯೋದು ಅಂತ ನಾನು ಹೇಳಿದ್ನಲ್ಲ..."

"ಅಷ್ಟುದ್ದ ಎಲ್ಲಿ ಹೇಳ್ದೆ? ಮನೇದೇ ತಾನೇ ಅಂತ ನಿಮ್ಮವ್ವ ಕೇಳಿದ್ಲು. ನೀನು ಹೂಂ ಅಂದೆ."

"ಅದು ಬೆಟ್ಟದ್ದಿರಬಹುದು ಅಂತ ಆಮೇಲೆ ಎಷ್ಟೋ ಸಲ ಅನ್ನಿಸ್ತು. ಆದರೆ ಸೀಸೆಯ ಬಟ್ಟೆ ಬಿಗಿಯಾಗೇ ಇತ್ತು."

"ಇರ್ದೆ ಇನ್ನೇನು? ಕಟ್ಟಿದ್ದು ನಾನಲ್ವಾ." ಆಕೆ ಬಿಂದಿಗೆ ಇಳಿಸಲಿಲ್ಲ. "ಬೆಳಿಗ್ಗೆ ಗೂಡು ಒರೆಸಕ್ಕೆ ಹೋದ್ರೆ ಬಟ್ಟೆ ಬಿಚ್ಕಂಡು ಜೋತಾಡ್ತಿತ್ತು. ನಿಮ್ಮವ್ವ ನೋಡುದ್ರೆ ನಿನ್ನ ಸುಮ್ನೆ ಬುಡ್ತಾಳಾ? ಬಿಗಿಯಾಗಿ ಕಟ್ಬುಟ್ಟು ದೀಪದ ಹಿಂದಕ್ಕೆ ತಳ್ಳಿದೆ."

"ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?"

"ನೀನು ಹೇಳ್ತೀಯ ಅಂದ್ಕಂಡೆ."

ಇಷ್ಟು ವರ್ಷವಾದ ಮೇಲೆ ಆಕೆಯ ನೆನಪನ್ನು ನಂಬುವುದು ಹೇಗೆ ಎಂದು ನನ್ನ ಬುದ್ಧಿ ತಕ್ಷಣ ಕೇಳಿತು. ಎಲ್ಲವನ್ನೂ ಸಂದೇಹಿಸುವುದು ನನ್ನ ಓದು ಕೊಟ್ಟ ಗುಣ ಎಂದು ನಾನು ಹೆಮ್ಮೆಪಡುತ್ತಿದ್ದೆ. ಆದರೆ ಸೀಸೆಗೆ ನಾನು ಯಾವಾಗಲೂ ಹಾಕುತ್ತಿದ್ದದ್ದು ಎಳೆದರೆ ಬಿಚ್ಚಿಕೊಳ್ಳುವ ಗಂಟು. ಹಲ್ಲು ಹಚ್ಚಿದ್ದು ಅದೊಂದೇ ಸಲ. ಅದನ್ನು ನಾನು ಎಂದೂ ಸಂದೇಹಿಸಿರಲಿಲ್ಲ.

"ತಪ್ಪಾಯ್ತು ಅಜ್ಜಿ."

"ನಂಗೆ ಹೇಳಿ ಏನು ಬಂತಪ್ಪ? ನಿಮ್ಮವ್ವಂಗೆ ಹೇಳೋಗು. ಬೀದಿಯೋರಿಗೆ ಹೇಳೋಗು." ತುಂಬಿದ ಇನ್ನೊಂದು ಬಿಂದಿಗೆಯನ್ನು ಕೈಯಲ್ಲಿ ತೂಗಿಸಿಕೊಂಡು ಏರು ಹತ್ತಿ ಮನೆಯ ಕಡೆ ನಡೆದಳು.

ಊರಿಗೆ ಬಂದಾಗ ಅವ್ವ ಜಗಲಿಯ ಮೇಲೆ ಪಕ್ಕದ ಮನೆಯವರ ಜೊತೆ ಕಡಲೆಕಾಯಿ ಸುಲಿಯುತ್ತಿದ್ದಳು. ಅವರೆಲ್ಲರ ಮುಂದೆಯೇ ಹೇಳಿದೆ: ಸೀಸೆ, ಬಟ್ಟೆ, ಗುಳ್ಳೆ, ಎಲ್ಲ. ಅವ್ವನ ಕೈ ನಿಂತಿತು.

"ಇಷ್ಟು ವರ್ಷ ಬಾಯಲ್ಲಿ ಏನಿಟ್ಕಂಡಿದ್ದೆ?"

ಪಕ್ಕದ ಮನೆಯಾಕೆ, "ಆ ಮಾತು ಕೇಳಿ ತಾನೇ ನಾವೂ ಬುಟ್ಟಿದ್ದು ಆ ಯಮ್ಮನ್ನ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮತ್ತೆ ಕಡಲೆಕಾಯಿ ಸುಲಿಯತೊಡಗಿದಳು.

ಮರುದಿನ ಅವ್ವ ಎಲೆ ಅಡಿಕೆ, ರವಿಕೆ ಕಣ ಇಟ್ಟು ಅಜ್ಜಿಯನ್ನು ಕರೆತರಲು ಗಾಡಿ ಕಳಿಸಿದಳು. ಎರಡನೆಯ ದಿನ ಗಾಡಿ ಬರಿದಾಗಿ ವಾಪಸು ಬಂತು. ರವಿಕೆ ಕಣವೂ ಹಾಗೇ ಇತ್ತು. ರಟ್ಟೆಯಲ್ಲಿ ಶಕ್ತಿಯಿಲ್ಲ, ಕೂಸು ಹಿಡಿಯಲಾಗದು ಎಂದು ಅಜ್ಜಿ ಹೇಳಿ ಕಳಿಸಿದ್ದಳು.

"ಪಾಪ, ವಯಸ್ಸಾಯ್ತು," ಎಂದಳು ಅವ್ವ.

ತುಂಬಿದ ಎರಡು ಬಿಂದಿಗೆ ಹೊತ್ತು ಏರು ಹತ್ತಿದ ಆ ರಟ್ಟೆಯನ್ನು ನಾನು ಮೂರು ದಿನದ ಹಿಂದಷ್ಟೇ ನೋಡಿದ್ದೆ. ಹೂಂ ಎಂದೆ.