ಎಡಪುಟದಲ್ಲಿ ಯಾರದೋ ಕೈ

ಎಳೆಬಿಸಿಲು ಕಿಟಕಿಯ ಕಂಬಿಗೆ ತಾಗುವ ಹೊತ್ತಿಗೆ ಟೈಪಕ್ಕ ಹಾಳೆಯನ್ನು ಓರೆಯಾಗಿ ಹಿಡಿದು ಕೂತಿರುತ್ತಾರೆ. ಪೆನ್ಸಿಲ್ಲಿನ ಕಪ್ಪು ಎಂದೋ ಅಳಿಸಿದೆ. ಒತ್ತಿ ಬರೆದ ಗೀರಷ್ಟೇ ಉಳಿದಿದೆ. ಬಿಸಿಲು ಅಡ್ಡ ಬಿದ್ದಾಗ ಗೀರುಗಳಲ್ಲಿ ನೆರಳು ತುಂಬಿ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಹೊತ್ತೇರಿದರೆ ಮತ್ತೆ ಬರೀ ಹಾಳೆ.

ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದ ಮೂಲೆಕೋಣೆ ಇದು. ಸಂಶೋಧಕರು ಜನರ ನಡುವೆ ಇದ್ದು, ಕಂಡದ್ದು ಕೇಳಿದ್ದೆಲ್ಲ ಅಲ್ಲೇ ಗೀಚಿಕೊಂಡ ಕ್ಷೇತ್ರ ಟಿಪ್ಪಣಿಗಳನ್ನು ಟೈಪಕ್ಕ ಬೆರಳಚ್ಚು ಮಾಡುತ್ತಾರೆ; ಆ ಹೆಸರು ಬಂದದ್ದೇ ಹಾಗೆ. ಟಿಪ್ಪಣಿಯಿಲ್ಲದೆ ಪುಸ್ತಕವಿಲ್ಲ. ಪುಸ್ತಕದಲ್ಲಿ ಟೈಪಕ್ಕ ಇಲ್ಲ. ಮದುವೆಯಾದ ವರ್ಷ ದಿನಗೂಲಿಗೆ ಸೇರಿದವರು ಇನ್ನೂ ಖಾಯಂ ಆಗಿಲ್ಲ. ಕಣ್ಣಿನ ಪೊರೆ ಮಾತ್ರ ಬೇಗ ಬಂತು. "ಸತ್ತೋರ ಅಕ್ಷರ ಎಲ್ಲಾ ಓದ್ತಾಳೆ, ನಾನು ಬರೆದ ಸಾಮಾನು ಚೀಟಿ ಅರ್ಥ ಆಗಲ್ಲ ಅಂತಾಳೆ," ಎಂದು ಗಂಡ ರೇಗಿಸುತ್ತಾನೆ.

ಈಗ ಕೈಯಲ್ಲಿರುವುದು ಗುಡ್ಡದ ಜನರ ಬಗ್ಗೆ ಬರೆಯಲು ಹೋಗಿ, ಜ್ವರ ಬಂದು ಅಲ್ಲೇ ತೀರಿಕೊಂಡ ತರುಣ ಸಂಶೋಧಕನೊಬ್ಬನ ಟಿಪ್ಪಣಿ. ಓದಿ ಎತ್ತಿಟ್ಟರೆ ಹಾಳೆ ಪುಡಿಯಾಗುತ್ತದೆ, ಇನ್ನೊಮ್ಮೆ ಓದಲಾಗದು. ಅವನ ರೂಢಿಯಂತೆ ಬಲಪುಟ ಕಂಡದ್ದಕ್ಕೆ, ಎಡಪುಟ ಆಮೇಲೆ ಹೊಳೆದದ್ದಕ್ಕೆ. ಮೊದಲ ದಿನವೇ ಬರೆದಿದ್ದಾನೆ: 'ಇಲ್ಲಿ ಯಾರಿಗೂ ಅಕ್ಷರ ಬಾರದು.'

"ಎಡಗಡೇದೂ ಅವ್ರದ್ದೇ ಅನ್ಕೊಂಡು ಒಟ್ಟಿಗೇ ಟೈಪ್ ಹೊಡೆದುಬಿಟ್ಟೆ," ಎನ್ನುತ್ತಾರೆ ಟೈಪಕ್ಕ. "ಆಮೇಲೆ ನೋಡ್ತೀನಿ, ಅವ್ರ ಅಕ್ಷರ ವಾಲುತ್ತೆ, ಇದು ನೆಟ್ಟಗೆ ನಿಂತಿದೆ. ಅಕ್ಷರಾನೇ ಬಾರದ ಕಡೆ ಇದನ್ನ ಬರೆದೋರು ಯಾರು?"

ಬಲದಲ್ಲಿ: 'ಇವರು ನನ್ನೆದುರು ಉಣ್ಣುವುದಿಲ್ಲ.' ಎಡದಲ್ಲಿ: 'ನಾವು ಬಾಯಿ ತೆರೆಯುವುದನ್ನೇ ಕಾಯುತ್ತಾನೆ.' ಬಲದಲ್ಲಿ: 'ರಾತ್ರಿ ದೀಪ ಹಚ್ಚುವುದಿಲ್ಲ.' ಎಡದಲ್ಲಿ: 'ಕತ್ತಲಲ್ಲಿ ನಮ್ಮನ್ನು ಎಣಿಸುತ್ತಾನೆ. ಪ್ರತಿ ಸಲ ಒಬ್ಬರು ಹೆಚ್ಚಾಗುತ್ತಾರೆ.'

ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಎಡಗಡೇದು ಬಿಟ್ಟುಬಿಡಿಮ್ಮ. ಯಾರು ಬರೆದಿದ್ದು ಅಂತಾನೇ ಗೊತ್ತಿಲ್ಲ."

"ನಾನು ಬಿಟ್ರೆ ಅದು ಎಲ್ಲೂ ಉಳಿಯಲ್ಲ ಸಾರ್."

"ನಿಮಗ್ಯಾಕೆ ಆ ಉಸಾಬರಿ? ಹೇಳಿದಷ್ಟು ಹೊಡೆಯೋರು ಬೇಕಾದಷ್ಟು ಜನ ಸಿಗ್ತಾರೆ."

ಇಂದು ಕೊನೆಯ ಹಾಳೆ. ಬಲಪುಟದಲ್ಲಿ ಗೀರೇ ಇಲ್ಲ. ಎಡಪುಟ ಬಿಸಿಲಿಗೆ ನಿಧಾನವಾಗಿ ಏಳುತ್ತದೆ: 'ಇವತ್ತು ಅವನು ಬರೆಯಲಿಲ್ಲ. ನೀರು ಕೇಳಿದ, ಕೊಟ್ಟೆವು. ತಲೆ ತೊಡೆಯ ಮೇಲಿಟ್ಟುಕೊಂಡೆವು. ಈಗ ಏನೂ ಕೇಳುತ್ತಿಲ್ಲ. ಪೆನ್ಸಿಲ್ಲು ಅವನ ಕೈಯಲ್ಲೇ ಇದೆ.'

ಟೈಪಕ್ಕ ಅಷ್ಟನ್ನೂ ಹೊಡೆಯುತ್ತಾರೆ. ಹಾಳೆ ಎತ್ತಿಡುವಾಗ ಅದು ಬೆರಳ ಸಂದಿಯಲ್ಲಿ ಉದುರುತ್ತದೆ.

"ಒಬ್ಬಂಟಿಯಾಗಿ ಸತ್ತರು ಅಂತ ಸಾರ್ ಪುಸ್ತಕದ ಮುನ್ನುಡೀಲಿ ಆಗ್ಲೇ ಬರೆದಿಟ್ಟಿದಾರೆ," ಎನ್ನುತ್ತಾರೆ, ಪುಡಿ ಕೊಡವಿಕೊಳ್ಳುತ್ತ. "ನಾಳೆಯಿಂದ ಬರಬೇಡ ಅಂದ್ರೂ ಅನ್ಲಿ. ಎಡಪುಟ ಯಾರು ಬರೆದಿದ್ದು ಅಂತ ಒಂದು ಕಡೆ ತುಂಬಬೇಕಲ್ಲ, ಅಲ್ಲಿ 'ಜೊತೆಗಿದ್ದವರು' ಅಂತ ಹೊಡೆದಿದೀನಿ."